ನೆಲಸಂಪಿಗೆ ಸಂಪಿಗೆ ಜಾತೀದಾ, ಆರ್ಕಿಡ್ಡಾ?

ಓದುಗರ ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ನಮ್ಮ ತೋಟದ ಅಂಚಲ್ಲಿ, ಒಂದು ಎಲೆನೂ ಇಲ್ದೆ, ಬರೀ ಮಣ್ಣಿಂದ ಬಿಳಿ-ನೇರಳೆ ಹೂ ಏಳುತ್ತೆ. ಅಮ್ಮ ನೆಲಸಂಪಿಗೆ ಅಂತಾರೆ, ನೋಡಿದವ್ರೆಲ್ಲ ಆರ್ಕಿಡ್ ಅಂತಾರೆ. ಯಾವುದು ಸರಿ?

ಅಮ್ಮ ಹೇಳಿದ ಹೆಸರೇ ಸರಿ, ಆದ್ರೆ ಸಂಪಿಗೆ ಮರಕ್ಕೂ ಇದಕ್ಕೂ ನೆಂಟಸ್ತನ ಇಲ್ಲ, ಆರ್ಕಿಡ್ಡೂ ಅಲ್ಲ. ಇದು ಶುಂಠಿ, ಅರಿಶಿನ, ಏಲಕ್ಕಿ ಕುಟುಂಬದ್ದು. ಮಳೆ ಹಿಡಿದ್ಮೇಲೆ ಎಲೆ ಬರುತ್ತಲ್ಲ, ಆಗ ನೋಡಿ, ಮೇಲೆ ತಿಳಿ-ಕಡು ಹಸಿರಿನ ಚಿತ್ತಾರ, ಮಗುಚಿದ್ರೆ ಅಡಿಯೆಲ್ಲ ನೇರಳೆ.

ಹೂವನ್ನ ಹತ್ರದಿಂದ ನೋಡಿದ್ರೆ ಇನ್ನೂ ಮಜಾ ಇದೆ. ನಾವು ಎಸಳು ಅಂದ್ಕೊಳ್ಳೋ ಅಗಲದ ಭಾಗಗಳು ನಿಜವಾಗ್ಲೂ ಎಸಳಲ್ಲ, ಪರಾಗ ಕೊಡೋ ಕೆಲಸ ಬಿಟ್ಟು ಎಸಳಿನ ಥರ ಆಗಿರೋ ಕೇಸರಗಳು, ಮೇಲೆ ಎರಡು ಬಿಳೀದು, ಕೆಳಗೆ ಎರಡಾಗಿ ಸೀಳಿರೋ ನೇರಳೆ ತುಟಿ, ನಿಜವಾದ ಎಸಳುಗಳು ಹಿಂದೆ ಸಪೂರಕ್ಕೆ ಇರ್ತವೆ, ಕಣ್ಣಿಗೇ ಬೀಳಲ್ಲ. ಆ ತುಟಿ ನೋಡೇ ಜನ ಆರ್ಕಿಡ್ ಅನ್ನೋದು. ಹೂ ಒಂದು ದಿನ ಇದ್ರೆ ಹೆಚ್ಚು, ಆದ್ರೆ ಅದೇ ಬುಡದಿಂದ ಒಂದಾದ್ಮೇಲೊಂದು ಬರ್ತಾನೇ ಇರುತ್ತೆ. ಎಲೆ ಇಲ್ದೆ ಇಷ್ಟೆಲ್ಲ ಹೇಗೆ ಅಂದ್ರೆ, ಹಿಂದಿನ ಮಳೆಗಾಲದಲ್ಲಿ ಎಲೆಗಳು ಮಾಡಿಟ್ಟ ಆಹಾರ ಗಡ್ಡೆಯಲ್ಲಿರುತ್ತೆ, ಅದರ ಬಲದಲ್ಲೇ ಹೂ ಬಿಡುತ್ತೆ.

ಮತ್ತೆ ಸಂಪಿಗೆ ಅಂತ ಯಾಕೆ ಬಂತು? ಘಮಕ್ಕೆ. ಹಿಂದಿ-ಮರಾಠಿಯಲ್ಲಿ ಭುಯಿಚಂಪಾ, ಸಂಸ್ಕೃತದಲ್ಲಿ ಭೂಮಿಚಂಪಕ, ಎಲ್ಲರಿಗೂ ಒಂದೇ ನೆನಪಾಗಿದೆ ನೋಡಿ! ನಮ್ಮಲ್ಲಿ ‘ನೆಲ’ ಸೇರಿಸಿ ಹೆಸರಿಡೋದು ಮೊದ್ಲಿಂದ ಇದೆ. ನೆಲನೆಲ್ಲಿಗೆ ನೆಲ್ಲಿ ಥರದ ಎಲೆ-ಕಾಯಿ, ನೆಲಬೇವಿಗೆ ಬೇವಿನ ಕಹಿ, ನೆಲತಾಳೆಗೆ ತಾಳೆಯ ಗರಿ. ಹೆಸರಿಟ್ಟವರು ಮೂಗು, ನಾಲಿಗೆ, ಕಣ್ಣು ಎಲ್ಲ ಬಳಸಿದಾರೆ, ನನಗಂತೂ ಇವು ಸಸ್ಯಶಾಸ್ತ್ರದ ಹೆಸರುಗಳಿಗಿಂತ ಇಷ್ಟ.

ಸಸ್ಯಶಾಸ್ತ್ರದ ಹೆಸರು ಕೆಂಪ್ಫೇರಿಯಾ ರೊಟುಂಡಾ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟಿದ್ದು, 1690ರಿಂದ 1692ರವರೆಗೆ ಜಪಾನಲ್ಲಿದ್ದ ಜರ್ಮನ್ ವೈದ್ಯ ಎಂಗೆಲ್ಬರ್ಟ್ ಕೆಂಪ್ಫರ್ ನೆನಪಿಗೆ. ರೊಟುಂಡಾ ಅಂದ್ರೆ ದುಂಡಗಿನದು. ಬೇರಿನ ತುದಿಯಲ್ಲಿ ಉಂಡೆ ಉಂಡೆ ಗಡ್ಡೆ ಇರ್ತವೆ.

ಆನ್‌ಲೈನಲ್ಲಿ ತರಿಸೋರು ಈ ಸಸ್ಯಶಾಸ್ತ್ರದ ಹೆಸರನ್ನೇ ಕೇಳಿ, ಯಾಕಂದ್ರೆ ಇದರ ಇಂಗ್ಲಿಷ್ ಹೆಸರು ಹಿಡಿದು ಪೀಕಾಕ್ ಜಿಂಜರ್ ಅಂದ್ರೆ ಇದರ ಬೇರೆ ದಾಯಾದಿಗಳನ್ನೂ ಕಳಿಸ್ತಾರೆ, ರಿಸರೆಕ್ಷನ್ ಲಿಲ್ಲಿ ಅಂದ್ರೆ ಸಂಬಂಧವೇ ಇಲ್ಲದ ಇನ್ನೊಂದು ಗಡ್ಡೆ ಬರಬಹುದು. ಕಾಡಿಂದ ಮಾತ್ರ ಕೀಳಬೇಡಿ, ಮನೇಲಿ ಬೆಳೆಸಿರೋರ ಹತ್ರ ಒಂದು ತುಂಡು ಗಡ್ಡೆ ಇಸ್ಕೊಂಡ್ರೆ ಸಾಕು. ಚಳಿಗಾಲಕ್ಕೆ ಎಲೆ ಒಣಗಿ ಮಾಯ ಆದ್ರೆ ಗಿಡ ಸತ್ತಿಲ್ಲ, ಜಾಸ್ತಿ ನೀರು ಹಾಕಿ ಗಡ್ಡೆ ಕೊಳೆಸಬೇಡಿ, ಅಲ್ಲೊಂದು ಕೋಲು ನೆಟ್ಟಿಡಿ, ಯಾರೂ ಗುದ್ದಲಿ ಹಾಕದ ಹಾಗೆ.