ಸಿಗರೇಟು ಮೋಟಿನ ಹಿಮವಾಸ

ಸ್ಕೀ ಆಡುವವರನ್ನು ಹಿಮದ ಬೆಟ್ಟದ ಮೇಲಕ್ಕೆ ಒಯ್ಯುವ ತೂಗುಕುರ್ಚಿಗಳ ಸಾಲು, ಅಂದರೆ ಚೇರ್‌ಲಿಫ್ಟಿನಲ್ಲಿ ಕೂತು ದಮ್ಮು ಎಳೆದವರು ಬೆರಳಿನಿಂದ ಚಿಮ್ಮಿಸಿದ ಮೋಟು ಕೆಳಗಿನ ಹಿಮಕ್ಕೆ ಬಿದ್ದು ಚುಂಯ್ ಎಂದು ಆರುತ್ತದೆ. ಆ ಸದ್ದು ಮೇಲಿದ್ದವರಿಗೆ ಕೇಳಿಸುವುದೂ ಇಲ್ಲ. ಎರಡು ದಿನ ಬಿಟ್ಟು ಅದೇ ಲಿಫ್ಟಿನಲ್ಲಿ ಹೋಗುವಾಗ ಬಗ್ಗಿ ನೋಡಿದರೆ ಅಲ್ಲೇನೂ ಇಲ್ಲ, ಅಚ್ಚ ಬಿಳುಪು. ಸ್ಕೀ ರೆಸಾರ್ಟುಗಳ ಒಂದು ಮೂಢನಂಬಿಕೆ ಹುಟ್ಟುವುದು ಹೀಗೆ: ಹಿಮ ಮೋಟನ್ನು ತಿಂದುಹಾಕುತ್ತದೆ, ಫಿಲ್ಟರ್ ಎಂದರೆ ಹತ್ತಿ, ಹತ್ತಿ ನೆಂದು ಮಣ್ಣಾಗುತ್ತದೆ. ದೆವ್ವ ಭೂತ ಒಂದನ್ನೂ ನಂಬದವರು ಇದನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಾರೆ.

ಹತ್ತಿಯ ಮಾತನ್ನು ಮೊದಲು ಮುಗಿಸೋಣ. ಫಿಲ್ಟರಿನ ಕಾಗದ ಬಿಡಿಸಿ ಒಳಗಿನ ಬಿಳಿ ಬತ್ತಿಯನ್ನು ಉದ್ದಕ್ಕೆ ಸೀಳಿದರೆ ಕೂದಲಿಗಿಂತ ತೆಳ್ಳಗಿನ ಎಳೆಗಳು ಬಿಚ್ಚಿಕೊಳ್ಳುತ್ತವೆ. ಒಂದು ಫಿಲ್ಟರಿನಲ್ಲಿ ಇಂಥವು 12,000ಕ್ಕೂ ಹೆಚ್ಚು. ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ವೈ ಅಕ್ಷರದ ಆಕಾರ ಕಾಣುತ್ತದೆ. ಹೊಗೆ ತಾಗಲು ಮೈ ಹೆಚ್ಚಿರಲಿ ಎಂದು ಈ ಏರ್ಪಾಡು. ವಸ್ತು ಸೆಲ್ಯುಲೋಸ್ ಅಸಿಟೇಟ್, 1865ರಲ್ಲಿ ಪಾಲ್ ಶುಟ್ಜೆನ್‌ಬರ್ಗರ್ ಮೊದಲು ತಯಾರಿಸಿದ್ದು. ಮೊದಲ ಮಹಾಯುದ್ಧದಲ್ಲಿ ಇದು ವಿಮಾನದ ರೆಕ್ಕೆಯ ಬಟ್ಟೆಗೆ ಬಳಿಯುವ ವಾರ್ನಿಷ್ ಆಗಿತ್ತು. ಆಮೇಲೆ ಕ್ಯಾಮೆರಾ ಫಿಲ್ಮಾಯಿತು, ಕನ್ನಡಕದ ಫ್ರೇಮಾಯಿತು. ಹಿಮದಲ್ಲಿ ಕನ್ನಡಕ ಕಳೆದುಕೊಂಡ ಯಾರೂ ವಸಂತ ಬರುವಷ್ಟರಲ್ಲಿ ಅದು ಗೊಬ್ಬರವಾಗಿರುತ್ತದೆ ಎಂದುಕೊಳ್ಳುವುದಿಲ್ಲ.

ಫಿಲ್ಟರಿನ ಚರಿತ್ರೆಯೇ ಒಂದು ವಿಚಿತ್ರ ಕಥೆ. 1925ರಲ್ಲಿ ಹಂಗೆರಿಯ ಬೋರಿಸ್ ಐವಾಜ್ ಪೇಟೆಂಟ್ ಪಡೆದಾಗ ಅದು ಬರೀ ಸುಕ್ಕುಗಾಗದ. ಹಾಗೇ ಉಳಿದಿದ್ದರೆ ಈ ಲೇಖನವೇ ಬೇಕಿರಲಿಲ್ಲವೇನೋ. 1952ರಿಂದ 1956ರವರೆಗೆ ಅಮೆರಿಕದ ಕೆಂಟ್ ಸಿಗರೇಟಿನ ಫಿಲ್ಟರಿನಲ್ಲಿ ನೀಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇತ್ತು. ಅದೂ ಆರೋಗ್ಯದ ಹೆಸರಿನಲ್ಲಿ. 1953ರಲ್ಲಿ ಆರ್. ಜೆ. ರೆನಾಲ್ಡ್ಸ್ ಕಂಪನಿಯ ರಸಾಯನವಿಜ್ಞಾನಿ ಕ್ಲಾಡ್ ಟೀಗ್, ಹೊಗೆ ತಾಗಿದಾಗ ಬಣ್ಣ ಬದಲಿಸುವ ವಸ್ತುವನ್ನು ಫಿಲ್ಟರಿಗೆ ಸೇರಿಸುವ ಉಪಾಯ ಬರೆದಿಟ್ಟರು. ಕಂದು ಬಣ್ಣ ಕಂಡರೆ ಸೇದುವವರಿಗೆ ವಿಷವೆಲ್ಲ ಅಲ್ಲೇ ಉಳಿಯಿತೆಂಬ ಸಮಾಧಾನ ಸಿಗಲಿ ಎಂದು. ಸೇದುವವರ ಶ್ವಾಸಕೋಶಕ್ಕೆ ಹೆಚ್ಚೇನೂ ಮಾಡದ ಈ ಬತ್ತಿ ನೆಲದ ಮೇಲೆ ಮಾತ್ರ ಪಟ್ಟುಬಿಡದೆ ಉಳಿಯುತ್ತದೆ.

ಕಚ್ಚಾ ವಸ್ತು ಮರದ ತಿರುಳು ತಾನೆ, ಕೊಳೆಯಬೇಕಲ್ಲ? ಸೆಲ್ಯುಲೋಸ್ ಎಂದರೆ ಗ್ಲೂಕೋಸ್ ಕೊಂಡಿಗಳ ಸರಪಳಿ. ಪ್ರತಿ ಕೊಂಡಿಗೂ ಮೂರು ಹೈಡ್ರಾಕ್ಸಿಲ್ ಕೈಗಳು. ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಕಿಣ್ವಗಳಿಗೆ ಹಿಡಿತ ಸಿಗುವುದು ಅಲ್ಲಿ. ಕಾರ್ಖಾನೆಯಲ್ಲಿ ಮೂರರಲ್ಲಿ ಸರಾಸರಿ ಎರಡೂವರೆ ಕೈಗಳಿಗೆ ಅಸಿಟೈಲ್ ಗವಸು ತೊಡಿಸಲಾಗುತ್ತದೆ. ಬೀಗದ ತೂತಿಗೆ ಮೇಣ ತುಂಬಿದಂತೆ: ಕೀಲಿ ಸರಿಯಾದದ್ದೇ, ಒಳಗೆ ಹೋಗದು. ಮೊದಲು ಬೇರೊಂದು ಕಿಣ್ವ ಬಂದು ಮೇಣ ಕೆರೆಯಬೇಕು. ಜೊತೆಗೆ ಫಿಲ್ಟರಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಸೂಕ್ಷ್ಮಜೀವಿಗೆ ಅದು ಉಪ್ಪುಖಾರವಿಲ್ಲದ ಊಟ. ಇಟಲಿಯ ಸಂಶೋಧಕರು ಎರಡು ವರ್ಷ ಕೊಳೆಯಲು ಬಿಟ್ಟ ಮೋಟುಗಳು ಸರಾಸರಿ ಸುಮಾರು 38% ತೂಕವನ್ನಷ್ಟೇ ಕಳೆದುಕೊಂಡವು. ಬೆಟ್ಟದ ಮೇಲೆ ವರ್ಷದ ಬಹುಪಾಲು ಚಳಿ. ಹಿಮದಡಿ ಬೆಳಕೂ ಇಲ್ಲ. ತಂಪು, ಕತ್ತಲೆ ಎರಡೂ ಕೂಡಿದರೆ ಅದು ತಿಪ್ಪೆಯಾಗದು, ಫ್ರಿಜ್ ಆಗುತ್ತದೆ.

ಇನ್ನು ಮೋಟು ಕಣ್ಮರೆಯಾಗುವ ಬಗೆ. ಬೆಂಜಮಿನ್ ಫ್ರಾಂಕ್ಲಿನ್ 1761ರ ಒಂದು ಪತ್ರದಲ್ಲಿ ಚೆಂದದ ಪ್ರಯೋಗವೊಂದನ್ನು ವಿವರಿಸಿದ್ದಾರೆ. ಬಿಸಿಲಿರುವ ಬೆಳಿಗ್ಗೆ ಬಣ್ಣಬಣ್ಣದ ಬಟ್ಟೆ ಚೂರುಗಳನ್ನು ಹಿಮದ ಮೇಲೆ ಹರಡಿದರು. ಕೆಲವು ಗಂಟೆಗಳಲ್ಲಿ ಕಪ್ಪು ಚೂರು ಎಲ್ಲಕ್ಕಿಂತ ಆಳಕ್ಕೆ ಇಳಿದಿತ್ತು, ಗಾಢ ನೀಲಿ ಅದರ ಹಿಂದೆಯೇ. ಬಿಳಿ ಚೂರು ಇಟ್ಟಲ್ಲೇ ಇತ್ತು. ಎಲ್ಲಾ ಬಣ್ಣ ಮಸಿ ನುಂಗಿತು ಎಂಬ ಗಾದೆಯನ್ನು ಭೌತಶಾಸ್ತ್ರ ಅಕ್ಷರಶಃ ಪಾಲಿಸುತ್ತದೆ. ಹೊಸ ಹಿಮ ಬಿಸಿಲಿನ 80ರಿಂದ 90% ಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಟಾರು ಹಿಡಿದ ಕಂದು ಮೋಟು, ಸುಟ್ಟ ತುದಿ, ಬೂದಿಯ ಕಣ ಬಹುಪಾಲು ಹೀರಿ ಕೆಳಗಿನ ಹಿಮ ಕರಗಿಸುತ್ತವೆ, ತಾವೇ ತೋಡಿದ ಗುಂಡಿಗೆ ತಾವೇ ಇಳಿಯುತ್ತವೆ. ಗ್ರೀನ್‌ಲೆಂಡಿನ ಹಿಮಗಡ್ಡೆಯ ಮೇಲೆ ಕಪ್ಪು ಧೂಳು ಇದೇ ರೀತಿ ಕೊರೆದ ಬಾವಿಗಳನ್ನು 1870ರಲ್ಲಿ ಧ್ರುವಪ್ರದೇಶಗಳ ಅನ್ವೇಷಕ ನಾರ್ಡೆನ್‌ಶೋಲ್ಡ್ ಕಂಡು, ಆ ಧೂಳಿಗೆ ಕ್ರಯೋಕೊನೈಟ್ ಎಂದು ಹೆಸರಿಟ್ಟರು. ದೊಡ್ಡ ಬಂಡೆಯಾದರೆ ಕಥೆ ತಿರುಗಾಮುರುಗಾ: ಬಿಸಿಲಿನ ಕಾವು ಅದರ ತಳ ತಲುಪುವುದಿಲ್ಲ, ನೆರಳಿನಡಿಯ ಹಿಮ ಉಳಿದು ಸುತ್ತಲಿನದು ಕರಗಿ ಬಂಡೆ ಕಂಬದ ಮೇಲೆ ನಿಂತ ಮೇಜಿನಂತಾಗುತ್ತದೆ. ಮೋಟಿನ ದಪ್ಪ ಎಂಟು ಮಿಲಿಮೀಟರ್ ಆಸುಪಾಸು. ಅದರ ಹಣೆಬರಹ ಮುಳುಗುವುದೇ. ಮೇಲೆ ಹೊಸ ಹಿಮ ಬಿತ್ತೆಂದರೆ ಬೂದಿ ಮುಚ್ಚಿದ ಕೆಂಡದ ಬದಲು ಹಿಮ ಮುಚ್ಚಿದ ಮೋಟು. ಲಿಫ್ಟಿನ ಕೆಳಗೆ ಸಾಮಾನ್ಯವಾಗಿ ಹಿಮ ಸಮತಟ್ಟು ಮಾಡುವ ಯಂತ್ರ ಓಡುವುದಿಲ್ಲ. ಹಾಗಾಗಿ ಡಿಸೆಂಬರಿನ ಮೋಟು ತಳದಲ್ಲಿ, ಮಾರ್ಚಿನದು ಮೇಲೆ, ಪದರ ಪದರವಾಗಿ ಕೂತಿರುತ್ತವೆ.

ಈಗ ಬರುತ್ತದೆ ಹೆಚ್ಚು ಜನ ಕೇಳಿರದ ಸಂಗತಿ. ಹಿಮದಲ್ಲಿ ಸೇರಿದ ಕೊಳೆ ಹಿಮ ಕರಗಿದಂತೆಲ್ಲ ಹದವಾಗಿ, ಸಮಪ್ರಮಾಣದಲ್ಲಿ ಇಳಿದುಬರುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಐಸ್‌ಕ್ಯಾಂಡಿ ಚೀಪುವ ಮಗುವನ್ನು ನೋಡಿ: ಮೊದಲ ಕೆಲವು ಚೀಪಿಗೇ ಬಣ್ಣ, ಸಿಹಿ ಎಲ್ಲ ಬಾಯಿಗೆ ಬಂದು ಕಡ್ಡಿಯಲ್ಲಿ ಸಪ್ಪೆ ಬಿಳಿ ಗಡ್ಡೆ ಉಳಿಯುತ್ತದೆ. ನೀರು ಹರಳುಗಟ್ಟುವಾಗ ತನ್ನ ಜಾಲರಿಯೊಳಗೆ ಪರಕೀಯ ಅಣುಗಳಿಗೆ ಜಾಗ ಕೊಡುವುದಿಲ್ಲ. ತುಂಬಿದ ಬಸ್ಸಿನಲ್ಲಿ ಕೊನೆಗೆ ಹತ್ತಿದವರು ಬಾಗಿಲಲ್ಲೇ ಜೋತುಬಿದ್ದಂತೆ, ಕರಗಿದ ಲವಣ, ಆಮ್ಲಗಳು ಹರಳಿನ ಹೊರಮೈಗೆ ತಳ್ಳಲ್ಪಟ್ಟು ಅಲ್ಲೇ ಅಂಟಿಕೊಂಡಿರುತ್ತವೆ. ಚಳಿಗಾಲವಿಡೀ ಹಿಮದ ಕಣಗಳು ದುಂಡಗಾಗುತ್ತ, ದಪ್ಪವಾಗುತ್ತ ಹೋದಂತೆ ಈ ಹೊರದಬ್ಬುವಿಕೆ ಇನ್ನೂ ಹೆಚ್ಚುತ್ತದೆ. ಬಸ್ಸು ನಿಂತಾಗ ಮೊದಲು ಇಳಿಯುವವರು ಯಾರು? ಬಾಗಿಲಲ್ಲಿದ್ದವರು. ನಾರ್ವೆಯ ಯೊಹಾನೆಸ್ಸೆನ್ ಮತ್ತು ಹೆನ್ರಿಕ್ಸೆನ್ 1978ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಮೊದಲ 30% ಕರಗುನೀರಿನಲ್ಲೇ ಹಿಮದ ಮಾಲಿನ್ಯದ 50ರಿಂದ 80% ಹೊರಬಂದುಬಿಡುತ್ತದೆ. ಇಡೀ ಚಳಿಗಾಲ ಕೂಡಿಟ್ಟ ಠೇವಣಿ, ಬಡ್ಡಿ ಸಮೇತ ಒಂದೇ ವಾರದಲ್ಲಿ ಕೈಗೆ.

ಅವರು ಅಳೆದದ್ದು ಗಾಳಿಯಿಂದ ಬಿದ್ದ ಮಾಲಿನ್ಯವನ್ನು, ಮೋಟನ್ನಲ್ಲ ಎಂದು ಯಾರಾದರೂ ತಗಾದೆ ತೆಗೆದರೆ ಅದು ನ್ಯಾಯವೇ. ಮೋಟಿನದು ಇನ್ನೂ ಸರಳ ಲೆಕ್ಕ, ಟೀ ಪುಡಿಯ ಚೀಲದ ಹಾಗೆ. ಒಣ ಹಿಮದಲ್ಲಿ ನಿಕೋಟಿನ್ ಅಲುಗುವುದಿಲ್ಲ. ದ್ರವರೂಪದ ನೀರು ತಾಗಿದ ಕೂಡಲೇ ಹೊರಡುತ್ತದೆ. ನಿಕೋಟಿನ್ ದುರ್ಬಲ ಪ್ರತ್ಯಾಮ್ಲ, ಕರಗುನೀರು ಸ್ವಲ್ಪ ಆಮ್ಲೀಯ. ಆದ್ದರಿಂದ ಹೆಚ್ಚುಕಡಿಮೆ ಎಲ್ಲವೂ ಅಯಾನಾಗಿ ಸಲೀಸಾಗಿ ಕರಗುತ್ತದೆ. ಬರ್ಲಿನ್ನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೀರಿಗೆ ಬಿದ್ದ ಮೋಟಿನ ನಿಕೋಟಿನ್‌ನಲ್ಲಿ ಅರ್ಧದಷ್ಟು ಅರ್ಧ ಗಂಟೆಯೊಳಗೆ ಹೊರಬಂದಿತ್ತು. ಒಂದು ಮೋಟು 1,000 ಲೀಟರ್ ನೀರನ್ನು ಜಲಜೀವಿಗಳ ಸುರಕ್ಷತಾ ಮಿತಿಯಿಂದ ಮೇಲಕ್ಕೆ ಒಯ್ಯಬಲ್ಲದು ಎಂಬುದು ಅವರ ಲೆಕ್ಕ.

ಇದನ್ನು ಬೆಟ್ಟಕ್ಕೆ ಅನ್ವಯಿಸಿ ನೋಡೋಣ. ಗಂಟೆಗೆ 2,400 ಜನರನ್ನು ಒಯ್ಯುವ ನಾಲ್ಕಾಸನದ ಲಿಫ್ಟು ದಿನಕ್ಕೆ 7 ಗಂಟೆ, 120 ದಿನ ಓಡಿದರೆ ಇಪ್ಪತ್ತು ಲಕ್ಷ ಸವಾರಿ. ಕುರ್ಚಿಗಳು ಅರ್ಧ ಖಾಲಿ ಎಂದುಕೊಳ್ಳಿ, ಸಾವಿರಕ್ಕೆ ಒಬ್ಬರು ಮಾತ್ರ ಎಸೆದರು ಎಂದುಕೊಳ್ಳಿ: ಸಾವಿರ ಮೋಟು. ಲಿಫ್ಟಿನ ಕೆಳಗಿನ 1,500 ಮೀಟರ್ ಉದ್ದ, 4 ಮೀಟರ್ ಅಗಲದ ಪಟ್ಟಿಯಲ್ಲಿ ಹರಡಿದರೆ ಆರು ಚದರ ಮೀಟರಿಗೆ ಒಂದು. ಅಷ್ಟು ಜಾಗದ ಹಿಮ ಕರಗಿದರೆ, ಅದು ಅರ್ಧ ಮೀಟರ್ ನೀರಿಗೆ ಸಮ ಎಂದಿಟ್ಟುಕೊಂಡರೆ, 3,000 ಲೀಟರ್. ಒಟ್ಟಾರೆ ನೋಡಿದರೆ ಮಿತಿಯೊಳಗೇ ಇದ್ದೇವೆ. ಮೋಟಿನಿಂದ ಹೊಳೆ ಹೊಳೆಯೇ ವಿಷವಾಯಿತು ಎಂದು ಬೊಬ್ಬೆ ಹಾಕುವವರೂ ಈ ಲೆಕ್ಕ ಮಾಡುವುದು ಒಳ್ಳೆಯದು. ಆದರೆ ಸಾರವೆಲ್ಲ ಮೊದಲ 30% ನೀರಿಗೇ ಇಳಿದರೆ ಸಿಗುವುದು 900 ಲೀಟರ್ ಮಾತ್ರ, ಮಿತಿ ಮುಟ್ಟಿದಂತೆಯೇ. ಮೇಲಾಗಿ ಮೋಟುಗಳು ಸಮನಾಗಿ ಬೀಳುವುದೂ ಇಲ್ಲ. ಸಿಗರೇಟು ಉರಿಯುವುದು ಐದಾರು ನಿಮಿಷ, ಸೆಕೆಂಡಿಗೆ 5 ಮೀಟರ್ ಓಡುವ ಲಿಫ್ಟಿನ ಪಯಣವೂ ಐದು ನಿಮಿಷ. ಅಡ್ಡಪಟ್ಟಿ ಎತ್ತಿ ಇಳಿಯಲು ಎರಡೂ ಕೈ ಬೇಕಾದಾಗ ಮೋಟಿಗೆ ಬಿಡುಗಡೆ. ಹಾಗಾಗಿ ರಾಶಿ ಬೀಳುವುದು ಮೇಲಿನ ನಿಲ್ದಾಣದ ಹತ್ತಿರ. ಅಲ್ಲಿನ ತಗ್ಗುಗಳಲ್ಲಿ ನಿಲ್ಲುವ ನೀರಿನ ಕಥೆ ಬೇರೆ: ಸ್ಯಾನ್ ಡಿಯಾಗೋದ 2011ರ ಅಧ್ಯಯನದಲ್ಲಿ ಲೀಟರಿಗೆ ಸುಮಾರು ಒಂದು ಮೋಟು ನೆನೆಸಿದ ನೀರು 96 ಗಂಟೆಗಳಲ್ಲಿ ಅರ್ಧದಷ್ಟು ಮೀನುಗಳನ್ನು ಕೊಂದಿತ್ತು. ಮಣ್ಣಿನಲ್ಲೂ ನೆಮ್ಮದಿಯಿಲ್ಲ. 2019ರ ಬ್ರಿಟಿಷ್ ಪ್ರಯೋಗದಲ್ಲಿ ಮೋಟಿದ್ದ ಕುಂಡಗಳಲ್ಲಿ ಕ್ಲೋವರ್ ಎಂಬ ಮೇವಿನ ಗಿಡದ ಬೀಜ ಮೊಳೆಯುವುದು 27%, ಹುಲ್ಲು 10% ತಗ್ಗಿತು. ಸೇದದ ಹೊಸ ಫಿಲ್ಟರ್ ಹಾಕಿದರೂ ಪರಿಣಾಮ ಹೆಚ್ಚುಕಡಿಮೆ ಅಷ್ಟೇ. ತಪ್ಪು ತಂಬಾಕಿನದಷ್ಟೇ ಅಲ್ಲ, ಪ್ಲಾಸ್ಟಿಕ್ಕಿನದೂ ಹೌದು. ಸ್ಕೀ ಇಳಿಜಾರುಗಳಿಗೆ ಮರುಬಿತ್ತನೆ ಮಾಡುವ ಮಿಶ್ರಣಗಳಲ್ಲಿ ಈ ಹುಲ್ಲು, ಕ್ಲೋವರ್‌ಗಳೇ ಇರುತ್ತವೆ.

ನಡವಳಿಕೆಯ ವಿಚಾರದಲ್ಲೂ ಭೌತಶಾಸ್ತ್ರವೇ ಪಂಚಾಯಿತಿ ಮಾಡಲಿ. ಬಯಲಲ್ಲಿ ಸೇದಿದರೆ ಯಾರಿಗೇನು ಎನ್ನುವವರು ಇದನ್ನು ನೋಡಿ: ಮೇಲೆ ಹೇಳಿದ ಲಿಫ್ಟಿನಲ್ಲಿ ಕುರ್ಚಿಗಳ ನಡುವಿನ ಅಂತರ 6 ಸೆಕೆಂಡು, 30 ಮೀಟರ್. ಗಾಳಿಯಿಲ್ಲದ ದಿನ ಬಿಟ್ಟ ಹೊಗೆ ಬಿಟ್ಟಲ್ಲೇ ನಿಂತಿರುತ್ತದೆ. ಆರು ಸೆಕೆಂಡಿನಲ್ಲಿ ಹಿಂದಿನ ಕುರ್ಚಿ ಅದರೊಳಗೆ ಮುಖ ತೂರಿಸುತ್ತದೆ. ಪಕ್ಕದವರ ಅಪ್ಪಣೆ ಕೇಳಿದ್ದೇನೆ ಎಂಬುದು ಹಿಂದಿನವರಿಗೆ ಅನ್ವಯಿಸುವುದಿಲ್ಲ. ಕಿಡಿಯ ಕಾಟ ಬೇರೆ. ದಮ್ಮು ಎಳೆದಾಗ ಕೆಂಡ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಜಾಕೆಟ್ಟಿನ ನೈಲಾನ್ ಕರಗುವುದು 220 ಅಥವಾ 260ಕ್ಕೆ. ಒಂದು ಕಿಡಿ ಸಾಕು, ನೀರು ತಡೆಯುವ ಪದರದಲ್ಲಿ ತೂತು. ಮುಚ್ಚಿದ ಗೊಂಡೋಲಾ ಪೆಟ್ಟಿಗೆಯಲ್ಲಿ ಸೇದುವ ಬಗ್ಗೆ ಚರ್ಚೆಯೇ ಅನಗತ್ಯ. ಚಳಿಗೆ ಒಂದು ದಮ್ಮು ಎಂಬುದೂ ಸುಳ್ಳು ಸಮಾಧಾನ: ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ ಬೆರಳನ್ನು ಇನ್ನಷ್ಟು ತಣ್ಣಗಾಗಿಸುತ್ತದೆ, ಅದೂ ಗವಸು ಬಿಚ್ಚಿದ ಬೆರಳನ್ನು.

ಸೇದಲೇಬೇಕಾದರೆ ಲಿಫ್ಟಿನ ಸಾಲಿನಿಂದ ದೂರ, ಗಾಳಿಯ ಕೆಳದಿಕ್ಕಿನಲ್ಲಿ ನಿಂತು, ಜೇಬಿನಲ್ಲಿ ಬಿಗಿ ಮುಚ್ಚಳದ ಲೋಹದ ಡಬ್ಬಿ ಇಟ್ಟುಕೊಂಡು. ಪೆಪ್ಪರ್‌ಮಿಂಟಿನ ಚಿಕ್ಕ ಡಬ್ಬಿ ಧಾರಾಳ ಸಾಕು. ಜಪಾನಿನಲ್ಲಿ ಜೇಬಿನ ಆಶ್‌ಟ್ರೇ ಮಾಮೂಲು ವಸ್ತು. ಮೋಟಿನ ತುದಿಯನ್ನು ಡಬ್ಬಿಯ ಒಳಗೋಡೆಗೆ ಒತ್ತಿ ತಿರುಚಿ, ಕೆಂಡ ಉದುರಿಸಿ, ಮುಚ್ಚಳ ಹಾಕಿ. ಆಮ್ಲಜನಕ ಸಿಗದೆ ಉಳಿದ ಕಿಡಿ ತಾನಾಗಿ ಸಾಯುತ್ತದೆ. ಹಿಮಕ್ಕೆ ಚುಚ್ಚಿ ಆರಿಸುವುದು ಹೆಚ್ಚಿನವರ ಚಾಳಿ, ಅದು ಬೇಡ: ನೆನೆದ ಫಿಲ್ಟರಿನ ಕಂದು ರಸ ಹಿಮಕ್ಕೂ ಇಳಿಯುತ್ತದೆ, ಜೇಬಿಗೂ ಸೋರುತ್ತದೆ, ನಾತ ದುಪ್ಪಟ್ಟು. ಪ್ಲಾಸ್ಟಿಕ್ ಚೀಲ ಅಂತೂ ಬೇಡವೇ ಬೇಡ, ಪಾಲಿಥೀನ್ 110–130 ಡಿಗ್ರಿಗೇ ಕರಗುತ್ತದೆ. ಹಿಂದೆ ಹಲವರು ಫಿಲ್ಮ್ ರೋಲಿನ ಡಬ್ಬಿಯನ್ನೇ ಇದಕ್ಕೆ ಬಳಸುತ್ತಿದ್ದರು, ಕೆಂಡ ಪೂರ್ತಿ ಆರಿದ ಮೇಲೆ ಹಾಕುವವರೆಗೂ ತೊಂದರೆಯಿಲ್ಲ. ಅಸಿಟೇಟ್ ಫಿಲ್ಮಿನ ಮನೆಗೆ ಅಸಿಟೇಟ್ ಫಿಲ್ಟರು ಬಾಡಿಗೆಗೆ ಬಂದಂತೆ!

ರೆಸಾರ್ಟಿನವರ ಪಾಲಿನ ತಪ್ಪು ಬೇರೆ ಥರದ್ದು. ಆಶ್‌ಟ್ರೇ ಕಂಬವನ್ನು ಕೆಫೆಯ ಬಾಗಿಲಿಗೆ ನೆಟ್ಟು ಕೈತೊಳೆದುಕೊಳ್ಳುತ್ತಾರೆ. ಅದು ಬೇಕಿರುವುದು ಸರದಿ ಶುರುವಾಗುವ ಕಡೆ, ಟಿಕೆಟ್ ಗೇಟಿಗಿಂತ ಸಾಕಷ್ಟು ಮುಂಚೆ, ಸ್ಕೀ ಬಿಚ್ಚದೆ ಕೈಗೆ ಎಟುಕುವಂತೆ. ಬಾಯಿ ತೆರೆದಿದ್ದರೆ ಒಂದೇ ರಾತ್ರಿಯಲ್ಲಿ ಹಿಮ ತುಂಬಿ ಮರುದಿನದ ಮೋಟು ಪಕ್ಕಕ್ಕೆ ಬೀಳುತ್ತದೆ. ಮೇಲೆ ಸೂರು, ಪಕ್ಕದಲ್ಲಿ ತೂತು ಇರಬೇಕು. ಹಿಮ ಏರಿದಂತೆ ಕಂಬವನ್ನೂ ಏರಿಸಬೇಕು, ಇಲ್ಲವಾದರೆ ಫೆಬ್ರವರಿಯ ಹೊತ್ತಿಗೆ ಅದೇ ಹೂತುಹೋಗಿರುತ್ತದೆ. ಬೂದಿಯನ್ನು ಲೋಹದ ಬಕೆಟ್ಟಿನಲ್ಲಿ ತಣಿಸದೆ ಕಾಗದದ ಕಸಕ್ಕೆ ಸುರಿದರೆ ಬೆಂಕಿ ಖಾತ್ರಿ.

ಕಾನೂನೂ ಕಣ್ಣು ಬಿಟ್ಟಿದೆ. ಯುರೋಪಿಯನ್ ಒಕ್ಕೂಟದ 2019ರ ಏಕಬಳಕೆ ಪ್ಲಾಸ್ಟಿಕ್ ನಿರ್ದೇಶನ ಫಿಲ್ಟರನ್ನು ಹೆಸರಿಸಿಯೇ ಪಟ್ಟಿಗೆ ಸೇರಿಸಿದೆ. 2021ರಿಂದ ಪೊಟ್ಟಣದ ಮೇಲೆ ಪ್ಲಾಸ್ಟಿಕ್ ಗುರುತು ಕಡ್ಡಾಯ, 2023ರಿಂದ ಮೋಟು ಎತ್ತುವ ಖರ್ಚೂ ತಯಾರಕರ ಹೆಗಲಿಗೆ. ಫ್ರಾನ್ಸಿನಲ್ಲಿ ಮೋಟು ಎಸೆದವರಿಗೆ 135 ಯೂರೋ ದಂಡ. ಆದರೆ ಓಡುತ್ತಿರುವ ಲಿಫ್ಟಿನಿಂದ ಎಸೆದವರನ್ನು ಹಿಡಿಯುವವರು ಯಾರು?

ಕೊನೆಗೆ ಹಿಡಿಯುವುದು ವಸಂತದಲ್ಲಿ ಬಕೆಟ್ಟು, ಇಕ್ಕಳ ಹಿಡಿದು ಬರುವವರು. ಹಿಮ ಪೂರ್ತಿ ಸರಿದು ಹುಲ್ಲು ಏಳುವ ಮೊದಲಿನ ಎರಡು ಮೂರು ವಾರಗಳಷ್ಟೇ ಅವರ ಸಮಯ. ಕುಂಟೆ ಎಳೆಯುವಂತಿಲ್ಲ, ಬೆಟ್ಟದ ತೆಳು ಮಣ್ಣಿನ ಹೊದಿಕೆ ಹರಿದರೆ ಮತ್ತೆ ಕೂಡಲು ವರ್ಷಗಳು ಬೇಕು. ಒಂದೊಂದನ್ನೇ ಹೆಕ್ಕಬೇಕು. ತಡವಾದಷ್ಟೂ ಕಷ್ಟ: ಕಾಗದ ಕಳಚಿ, ಬಣ್ಣ ತೊಳೆದುಹೋಗಿ, ಬಿಚ್ಚಿಕೊಂಡ ಬಿಳಿ ಎಳೆಗಳ ನಡುವಿನಿಂದ ಹುಲ್ಲಿನ ಮೊಳಕೆಯೊಂದು ತಲೆ ಎತ್ತಿರುತ್ತದೆ. ಇಕ್ಕಳ ಹಾಕಿ ಎಳೆದರೆ ಮೊಳಕೆಯೂ ಜೊತೆಗೇ ಕಿತ್ತುಬರುತ್ತದೆ.