ಬೀಗ ಹಾಕಿದ ಕೋಣೆಯ ಚಿಕಿತ್ಸೆ

ಸಿನಿಮಾದಲ್ಲಿ ಡ್ರಗ್ಸ್ ಚಟದ ಪಾತ್ರವಿದ್ದರೆ ಈ ದೃಶ್ಯ ಬಹುಪಾಲು ಖಚಿತ: ಕೋಣೆಗೆ ಬೀಗ, ಒಳಗೆ ನೆಲದ ಮೇಲೆ ಹೊರಳಾಡುವ ನಾಯಕ, ಹೊರಗೆ ಕಣ್ಣೀರಿಡುವ ಹೆಂಡತಿಯೋ ತಾಯಿಯೋ. ಬೆಳಕು ಹರಿಯುವಷ್ಟರಲ್ಲಿ ಚಟ ಬಿಟ್ಟಿರುತ್ತದೆ. ಇದರ ಜಾಡು ಹಿಡಿದು ಹೋದರೆ 1955ರ ಹಾಲಿವುಡ್ ಸಿಗುತ್ತದೆ.

ಆಗ ಅಲ್ಲಿ ಈ ವಿಷಯಕ್ಕೇ ನಿಷೇಧವಿತ್ತು. 1930ರಲ್ಲಿ ಬರೆದು 1934ರಿಂದ ಬಿಗಿಯಾಗಿ ಜಾರಿಯಾದ ನಿರ್ಮಾಣ ಸಂಹಿತೆ (ಚಿತ್ರೋದ್ಯಮ ತನಗೆ ತಾನೇ ಹಾಕಿಕೊಂಡ ನಿಯಮಾವಳಿ), ಮಾದಕ ವಸ್ತುಗಳ ಅಕ್ರಮ ವ್ಯಾಪಾರವನ್ನು ತೋರಿಸಲೇಬಾರದು ಎನ್ನುತ್ತಿತ್ತು. ಹೆರಾಯಿನ್ ಚಟಕ್ಕೆ ಬಿದ್ದ ಇಸ್ಪೀಟು ಡೀಲರ್ ಒಬ್ಬನ ಕಥೆಯಾದ 'ದಿ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್' ಚಿತ್ರವನ್ನು ಆಟೊ ಪ್ರೆಮಿಂಜರ್ ತೆಗೆದಾಗ ಸಂಹಿತೆಯ ಮುದ್ರೆ ಸಿಗಲಿಲ್ಲ. ವಿತರಕ ಸಂಸ್ಥೆ ಯುನೈಟೆಡ್ ಆರ್ಟಿಸ್ಟ್ಸ್ ಉದ್ಯಮದ ಸಂಘದಿಂದಲೇ ಹೊರಬಂದು ಚಿತ್ರ ಬಿಡುಗಡೆ ಮಾಡಿತು. ನಾಯಕ ಫ್ರಾಂಕ್ ಸಿನಾತ್ರಾಗೆ ಆಸ್ಕರ್ ನಾಮನಿರ್ದೇಶನವೂ ಬಂತು. 1956ರ ಡಿಸೆಂಬರಿನಲ್ಲಿ ಸಂಹಿತೆಯನ್ನೇ ತಿದ್ದಿದರು.

ತಮಾಷೆಯೆಂದರೆ, ಚಿತ್ರ ಶುರುವಾಗುವಾಗಲೇ ನಾಯಕ ಸರ್ಕಾರಿ ಆಸ್ಪತ್ರೆಯಲ್ಲಿ ಚಟ ಬಿಡಿಸಿಕೊಂಡು ಬಂದಿರುತ್ತಾನೆ. ಹಳೇ ಬೀದಿ, ಹಳೇ ಸ್ನೇಹಿತರು ಸಿಕ್ಕಿ ಮತ್ತೆ ಜಾರುತ್ತಾನೆ. ಚಟ ಮರುಕಳಿಸುತ್ತದೆಂದು ಗೊತ್ತಿದ್ದ ಚಿತ್ರ, ಕೊನೆಗೆ ಅದನ್ನೇ ಮರೆತು ಅವನನ್ನು ಕೋಣೆಯಲ್ಲಿ ಕೂಡಿಹಾಕಿ ವಾಸಿ ಮಾಡಿಬಿಡುತ್ತದೆ. ಮೂಲ ಕಾದಂಬರಿಯಲ್ಲಿ ಅವನು ನೇಣು ಹಾಕಿಕೊಳ್ಳುತ್ತಾನೆ.

ನಿಜದಲ್ಲಿ ಆಗುವುದೇ ಬೇರೆ. ಹೆರಾಯಿನ್ ನಿಲ್ಲಿಸಿದ 8ರಿಂದ 24 ಗಂಟೆಯೊಳಗೆ ಆಕಳಿಕೆ, ಕಣ್ಣು-ಮೂಗಲ್ಲಿ ನೀರು, ಚಳಿ ಹತ್ತಿದಂತೆ ನಿಮಿರುವ ರೋಮ, ಹೊಟ್ಟೆನುಲಿತ, ಭೇದಿ ಶುರುವಾಗುತ್ತವೆ. 4ರಿಂದ 10 ದಿನ ಈ ಪಾಡು. ಆಕಳಿಕೆ, ಭೇದಿ ತೆರೆಗೆ ಒಗ್ಗುವುದಿಲ್ಲ, ಕಿರುಚಾಟ ಒಗ್ಗುತ್ತದೆ. ದೊಡ್ಡ ಅಪಾಯ ಇರುವುದು ಆಮೇಲೆ: ದೇಹದ ತಾಳಿಕೆ ಇಳಿದಿರುತ್ತದೆ, ಹಳೇ ಪ್ರಮಾಣಕ್ಕೇ ಮರಳಿದರೆ ಉಸಿರು ನಿಲ್ಲಬಹುದು. ಹಾಗಾಗಿಯೇ ವೈದ್ಯರು ಹೆರಾಯಿನ್ ಬಯಕೆ ತಗ್ಗಿಸುವ ಬುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಳ್ಳಲು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಕೊಡುತ್ತಾರೆ. ದಿನಾ ಒಂದು ಮಾತ್ರೆಯನ್ನು ನಾಲಿಗೆಯಡಿ ಇಡುವ ದೃಶ್ಯಕ್ಕೆ ಯಾವ ನಟ ಕಾಲ್‌ಶೀಟ್ ಕೊಟ್ಟಾನು!

1971ರ 'ದಿ ಪ್ಯಾನಿಕ್ ಇನ್ ನೀಡಲ್ ಪಾರ್ಕ್' ಹಿನ್ನೆಲೆ ಸಂಗೀತವನ್ನೇ ಕೈಬಿಟ್ಟು ಸೂಜಿಯನ್ನು ಹತ್ತಿರದಿಂದ ತೋರಿಸಿತು. 2000ದ 'ರಿಕ್ವಿಯಮ್ ಫಾರ್ ಎ ಡ್ರೀಮ್' ಡ್ರಗ್ಸ್ ತೆಗೆದುಕೊಳ್ಳುವ ಕ್ಷಣವನ್ನು ಚೂರುಚೂರು ಶಾಟ್‌ಗಳಾಗಿ ಒಡೆಯಿತು. ಅದರಲ್ಲಿ ಕಣ್ಣಿನ ಪಾಪೆ ಸರ್ರನೆ ಅಗಲವಾಗುವ ಶಾಟ್ ತುಂಬ ಪ್ರಸಿದ್ಧ. ಆದರೆ ಅದು ತಿರುವುಮುರುವು. ಹೆರಾಯಿನ್ ಏರಿದಾಗ ಪಾಪೆ ಸೂಜಿಮೊನೆಯಷ್ಟು ಕುಗ್ಗುತ್ತದೆ; ಅಗಲವಾಗುವುದು ಇಳಿದಾಗ. ಸೆಟ್ಟಿನಲ್ಲೂ ಇದೇ ತೊಡಕು. ಮೇಕಪ್ಪಿನಿಂದ ಬೆವರು, ಕಣ್ಣ ಕೆಳಗಿನ ಕಪ್ಪು ತರಬಹುದು. ಪಾಪೆ ಮಾತ್ರ ನಟನ ಮಾತೂ ಕೇಳದು, ಲೈಟು ಜೋರಾದರೆ ಕುಗ್ಗುತ್ತದೆ. ಮುದ್ರಿತ ಪಾಪೆಯ ಲೆನ್ಸ್ ಹಾಕದಿದ್ದರೆ ಕ್ಲೋಸಪ್ಪಿನಲ್ಲಿ ನಾಟಕ ಬಯಲು.

ಭಾರತದಲ್ಲಿ 1991ರ ಸೆನ್ಸಾರ್ ಮಾರ್ಗಸೂಚಿ ತಡೆಯುವುದು ಚಟವನ್ನು ಪ್ರಚೋದಿಸುವ, ಸಮರ್ಥಿಸುವ, ವೈಭವೀಕರಿಸುವ ದೃಶ್ಯಗಳನ್ನು, ಬರೀ ತೋರಿಸುವುದನ್ನಲ್ಲ. ಈ ಗೆರೆ ಎಲ್ಲಿದೆ ಎಂಬ ಜಗಳ, ಡ್ರಗ್ಸ್ ಹಾವಳಿಯ ಕಥೆಯಾದ ಹಿಂದಿ ಚಿತ್ರ 'ಉಡ್ತಾ ಪಂಜಾಬ್' ಕಾಲಕ್ಕೆ ಬಾಂಬೆ ಹೈಕೋರ್ಟ್ ಹತ್ತಿತು. 2016ರ ಜೂನ್ 13ರಂದು ಒಂದೇ ಕತ್ತರಿಯೊಂದಿಗೆ ಅನುಮತಿ ಸಿಕ್ಕಿತು. ಅದರಲ್ಲೂ ಚಟ ಬಿಡಿಸಲು ಒಬ್ಬ ಹುಡುಗನನ್ನು ಕೂಡಿಹಾಕುತ್ತಾರೆ. ತಪ್ಪಿಸಿಕೊಳ್ಳುವ ಗಲಿಬಿಲಿಯಲ್ಲಿ, ಅವನನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರೇ ಅವನ ಕೈಯಲ್ಲಿ ಸಾಯುತ್ತಾಳೆ.