ಬೀದರಿನ ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆಯೇ?

ಪ್ರಶ್ನೆ: ತೊಗರಿ ಬೇಳೆಯ ಲೋಡು ಹೊತ್ತು ಜನವರಿಯಲ್ಲಿ ನಮ್ಮ ಲಾರಿ ಶ್ರೀನಗರಕ್ಕೆ ಹೋಗಬೇಕಾಗಿದೆ. ಇಲ್ಲಿಯೇ ಬೆಳಗಿನ ಜಾವ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆಯೇ? ಸ್ವಲ್ಪ ಚಿಮಣಿ ಎಣ್ಣೆ ಬೆರೆಸಬಹುದೇ?
– ಹುಮನಾಬಾದಿನ ಲಾರಿ ಮಾಲೀಕರೊಬ್ಬರು

ಉತ್ತರ: ಡೀಸೆಲ್‌ನಲ್ಲಿ ಸಹಜವಾಗಿಯೇ ಮೇಣದ ಅಂಶವಿರುತ್ತದೆ. ತಣ್ಣಗಾದಂತೆ ಅದು ಹರಳುಗಟ್ಟಿ, ಟ್ಯಾಂಕಿನ ಡೀಸೆಲ್ ಇನ್ನೂ ಸಲೀಸಾಗಿ ಹರಿಯುತ್ತಿರುವಾಗಲೇ ಫಿಲ್ಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಹಾಗೆ ಫಿಲ್ಟರ್ ಕಟ್ಟಿಕೊಳ್ಳುವ ತಾಪಮಾನವು ನವೆಂಬರಿನಿಂದ ಫೆಬ್ರವರಿಯವರೆಗೆ ಮಾರುವ ಡೀಸೆಲ್‌ನಲ್ಲಿ 6 ಡಿಗ್ರಿಯನ್ನೂ, ಉಳಿದ ತಿಂಗಳುಗಳದ್ದರಲ್ಲಿ 18 ಡಿಗ್ರಿಯನ್ನೂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಬೀದರಿನಲ್ಲಿ ಕೆಲವು ಬೆಳಗುಗಳು 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆದರೆ ಈಚೆಗೆ ಬಂಕಿನಲ್ಲಿ ತುಂಬಿಸಿದ ಡೀಸೆಲ್ ಅಷ್ಟು ಚಳಿಗೆ ಕೈಕೊಡುವುದು ಅಪರೂಪ. ಮಳೆಗಾಲದಲ್ಲಿ ಡ್ರಮ್ಮಿಗೆ ತುಂಬಿಟ್ಟು ಈಗ ಬಳಸುವವರ ಮಾತು ಬೇರೆ.

ಸೆಲ್ಫ್ ಹೊಡೆದಾಗ ಎಂಜಿನ್ ಏದುಸಿರು ಬಿಡುವಂತೆ ನಿಧಾನವಾಗಿ ತಿರುಗಿದರೆ ಮೊದಲು ಬ್ಯಾಟರಿಯನ್ನು ನೋಡಿಸಿ. ಮೇಣದ ಲಕ್ಷಣವೇ ಬೇರೆ: ಎಂಜಿನ್ ಚೆನ್ನಾಗಿ ಸ್ಟಾರ್ಟ್ ಆಗಿ, ಫಿಲ್ಟರಿನಾಚೆ ಇದ್ದಷ್ಟು ಡೀಸೆಲ್ ಉರಿದ ಮೇಲೆ, ಪಿಕಪ್ ಕಳೆದುಕೊಂಡು ನಿಂತುಹೋಗುತ್ತದೆ. ಸಂಶಯವಿದ್ದರೆ ಟ್ಯಾಂಕಿನಿಂದ ಸ್ವಲ್ಪ ಡೀಸೆಲ್ ತೆಗೆದು ಗಾಜಿನ ಸೀಸೆಯಲ್ಲಿ ಹಾಕಿ ರಾತ್ರಿಯಿಡೀ ಹೊರಗಿಡಿ. ಬೆಳಿಗ್ಗೆ ಅದು ಮಸುಕಾಗಿದ್ದು, ಕೋಣೆಯೊಳಗೆ ಬೆಚ್ಚಗಾದ ಮೇಲೆ ತಿಳಿಯಾದರೆ ಅದು ಮೇಣ. ತಳದಲ್ಲಿ ಬೇರೆಯೇ ಪದರ ನಿಂತಿದ್ದರೆ ನೀರು. ನಮ್ಮ ಕಡೆಯ ಗಾಡಿಗಳಲ್ಲಿ ಎರಡನೆಯದನ್ನೇ ಮೊದಲು ಶಂಕಿಸುವುದು ಒಳಿತು.

ಶ್ರೀನಗರದ ಚಳಿ ಸೊನ್ನೆಗಿಂತ ಕೆಳಗಿಳಿಯುತ್ತದೆ. 350 ಲೀಟರಿನ ಟ್ಯಾಂಕು, ಲೀಟರಿಗೆ 4 ಕಿ.ಮೀ. ಲೆಕ್ಕ ಹಿಡಿದರೂ, 1,400 ಕಿ.ಮೀ.ವರೆಗೆ ಬರುವುದರಿಂದ ಬಯಲುಸೀಮೆಯ ಡೀಸೆಲ್ಲೇ ಹಿಮದವರೆಗೆ ಜೊತೆಗೆ ಹೋಗಬಹುದು. ಆದ್ದರಿಂದ ಗಾಡಿಯ ಕಂಪನಿ ಒಪ್ಪಿದ, ಮೇಣ ಕಟ್ಟದಂತೆ ತಡೆಯುವ ಆ್ಯಂಟಿ-ಜೆಲ್ ದ್ರವವನ್ನು ಜಮ್ಮುವಿನಲ್ಲಿ, ಡೀಸೆಲ್ ಇನ್ನೂ ಬೆಚ್ಚಗಿರುವಾಗ, ಮೊದಲು ಅದನ್ನು ಸುರಿದು ಮೇಲೆ ಡೀಸೆಲ್ ತುಂಬಿಸಿ. ಮೇಣ ಕಟ್ಟಿದ ಮೇಲೆ ಹಾಕಿದರೆ ಅದು ಹೆಚ್ಚು ಉಪಯೋಗಕ್ಕೆ ಬಾರದು. ಮುಂದೆ ಲಡಾಖಿಗೂ ಹೋಗುವುದಿದ್ದರೆ, ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಅಲ್ಲಿಗೆಂದೇ ಬಿಡುಗಡೆ ಮಾಡಿದ, ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ಕೇಳಿ ತುಂಬಿಸಿ.

ಚಿಮಣಿ ಎಣ್ಣೆಯಿಂದ ಡೀಸೆಲ್ ತೆಳುವಾಗುತ್ತದೆ, ಹಳೆಯ ಡ್ರೈವರುಗಳು ಬೆರೆಸುತ್ತಿದ್ದುದೂ ನಿಜ. ಆದರೆ ಬಿಎಸ್-6 (ಈಗಿನ ಹೊಗೆ ನಿಯಮಕ್ಕೆ ತಕ್ಕ) ಗಾಡಿ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ) ಗಂಧಕದ ಡೀಸೆಲ್‌ಗೆ ಹೊಂದಿಸಿದ್ದು; ಸೀಮೆಎಣ್ಣೆಯ ಗಂಧಕ ಸೈಲೆನ್ಸರಿನಲ್ಲಿ ಹೊಗೆ ಶುದ್ಧಮಾಡುವ ವೇಗವರ್ಧಕವನ್ನು (ಕ್ಯಾಟಲಿಸ್ಟ್) ಕೆಡಿಸುತ್ತದೆ, ಜಿಡ್ಡು ಸಾಲದೆ ಪಂಪ್ ಮತ್ತು ಇಂಜೆಕ್ಟರುಗಳು ಸವೆಯುತ್ತವೆ. ಕಲಬೆರಕೆ ಅಪರಾಧವೆಂಬುದು ಬೇರೆ. ಪೆಟ್ರೋಲನ್ನಂತೂ ಮುಟ್ಟಲೇಬೇಡಿ. ಹೊಗೆಯ ವಿಷ ತಗ್ಗಿಸಲು ಇದೇ ಗಾಡಿಗಳಲ್ಲಿ ಬಳಸುವ ಯೂರಿಯಾ ದ್ರವ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ. ಅದಕ್ಕೆ ಬಿಸಿ ಕೊಡುವ ಏರ್ಪಾಡು ಗಾಡಿಯಲ್ಲೇ ಇರುತ್ತದೆ, ನೀವು ಅದರ ಟ್ಯಾಂಕನ್ನು ಬಾಯಿಯವರೆಗೆ ತುಂಬಿಸದಿದ್ದರಾಯಿತು.

ದಾರಿಯಲ್ಲಿ ಮೇಣ ಕಟ್ಟಿಯೇಬಿಟ್ಟರೆ ಟ್ಯಾಂಕಿನಡಿ ಚಿಂದಿ ಉರಿಸುವ ಸಾಹಸ ಬೇಡ. ಫಿಲ್ಟರಿನ ಸುತ್ತ ಬಟ್ಟೆ ಕಟ್ಟಿ ಬಿಸಿನೀರು ಹೊಯ್ಯಿರಿ. ಅದಕ್ಕೂ ಬಗ್ಗದಿದ್ದರೆ ಬೇರೆ ಫಿಲ್ಟರ್ ಹಾಕಿ, ಹ್ಯಾಂಡ್ ಪಂಪ್ ಒತ್ತಿ ಏರ್ ಪೂರ್ತಿ ತೆಗೆದ ಮೇಲೆಯೇ ಸೆಲ್ಫ್ ಹೊಡೆಯಿರಿ. ಹೊರಡುವಾಗಲೇ ಒಂದು ಹೊಸ ಫಿಲ್ಟರ್ ಕ್ಯಾಬಿನ್ನಿನಲ್ಲಿ ಇಟ್ಟುಕೊಂಡಿರಿ.